ಕಾಲುವೆ ಪದದ ರಾಗ

ಚಿಕ್ಕಬೋರಮ್ಮನ ಗಂಟಲಿನಿಂದ ಗಂಟು ತೆಗೆದು ಐದು ತಿಂಗಳಾಗಿತ್ತು. ಮೈಸೂರಿನ ಡಾಕ್ಟರು ಮೊದಲೇ ಬಿಡಿಸಿ ಹೇಳಿದ್ದರು. ಗಂಟು ದನಿಯ ನರಕ್ಕೆ ಸುತ್ತಿಕೊಂಡಿದೆ, ಜೀವ ಉಳಿಯುತ್ತದೆ, ದನಿ ಉಳಿಯುವುದು ಕಷ್ಟ. ಮಗ ಸ್ವಾಮಿ ಕಾಗದಕ್ಕೆ ರುಜು ಹಾಕುವ ಮುಂಚೆ ತಾಯಿಯ ಮುಖ ನೋಡಿದ್ದ. ಹಾಕು ಎಂದು ಅವಳೇ ತಲೆಯಾಡಿಸಿದ್ದಳು. ಜೀವ ಉಳಿಯಿತು. ದನಿಯಿದ್ದ ಜಾಗದಲ್ಲಿ ಬರೀ ಉಸಿರು ಉಳಿಯಿತು. ಪಕ್ಕದಲ್ಲಿ ಕೂತು ಕಿವಿಗೊಟ್ಟರೆ ಮಾತ್ರ ಮಾತು ತಿಳಿಯುತ್ತಿತ್ತು.

ಅರವತ್ತೆರಡರ ಆ ಹೆಂಗಸಿಗೆ ಕೊಪ್ಪದ ಸುತ್ತಮುತ್ತ ಹೆಸರಿದ್ದುದೇ ದನಿಯಿಂದ. ಯಾರ ಮನೆಯ ಮದುವೆಯಾದರೂ ಸೋಬಾನೆಗೆ ಅವಳೇ ಬೇಕು. ಅವಳಿಗೆ ಮಾತ್ರ ಎಲ್ಲಕ್ಕಿಂತ ಇಷ್ಟವಾದದ್ದು ಯುಗಾದಿಯ ಮಾರನೆಯ ದಿನದ ಹೊಸತೊಡಕು. ಅಂದು ಗಂಡ ಹೊನ್ನಯ್ಯನ ತಮ್ಮಂದಿರ ಸಂಸಾರಗಳೆಲ್ಲ ಬಾಡೂಟಕ್ಕೆ ಅವರ ಅಂಗಳದಲ್ಲಿ ಸೇರುತ್ತಿದ್ದವು. ಸಾರು ಕುದಿಯುವವರೆಗೆ ಒಬ್ಬೊಬ್ಬರೂ ತಮಗೆ ಬೇಕಾದ ಪದ ಕೇಳುವರು, ಅವಳು ಹೇಳುವಳು. ಮೈದುನ ಕೆಂಪಸಿದ್ದಯ್ಯನಿಗೆ ಜಿಪುಣ ಭಾವನನ್ನು ಹಂಗಿಸುವ ಪದವೇ ಆಗಬೇಕು. ಸೊಸೆ ದೀಪಿಕಳಿಗೆ ತೊಟ್ಟಿಲ ಪದ. ಎಲೆ ಹಾಕುವ ಮುಂಚಿನ ಕೊನೆಯ ಪದ ಮಾತ್ರ ಯಾರೂ ಕೇಳದೆ ತಾನಾಗಿ ಬರುತ್ತಿತ್ತು. ಗಂಡನ ಮನೆಗೆ ಹೊರಟ ಹುಡುಗಿ ಕಾಲುವೆ ದಾಟುವ ಪದ ಅದು. ಕೆರಗೋಡಿನ ತವರಿನಲ್ಲಿ ಅವ್ವ ಪಟ್ಟಲಮ್ಮ ನಾಟಿಯ ಗದ್ದೆಯಲ್ಲಿ ಕಲಿಸಿದ್ದು. ಅವ್ವ ಹೋಗಿ ಇಪ್ಪತ್ತು ವರ್ಷವಾಗಿತ್ತು. ಅದನ್ನು ಬಲ್ಲವರು ಇನ್ನಾರೂ ಇರಲಿಲ್ಲ. ಮೊಬೈಲಿನಲ್ಲಿ ಹಿಡಿದಿಡಬೇಕೆಂದು ದೀಪಿಕ ಪ್ರತಿ ವರ್ಷವೂ ಅಂದುಕೊಳ್ಳುತ್ತಿದ್ದಳು. ಒಲೆಯ ಮುಂದೆ ಕೈ ಬಿಡುವಾಗದೆ ಪ್ರತಿ ವರ್ಷವೂ ಅದು ತಪ್ಪಿಹೋಗುತ್ತಿತ್ತು. ಆಪರೇಷನ್ನಿಗೆ ಮೈಸೂರಿಗೆ ಓಡಾಡುವ ಗಡಿಬಿಡಿಯಲ್ಲಿ ಅದು ಯಾರಿಗೂ ನೆನಪಾಗಲಿಲ್ಲ.

ಈ ಸಲ ಯುಗಾದಿಗೆ ತಿಂಗಳಿರುವಾಗಲೇ ದೀಪಿಕ ನೋಟುಪುಸ್ತಕ ಹಿಡಿದು ಅತ್ತೆಯ ಪಕ್ಕ ಕೂತಳು. ಕಾಲುವೆ ಪದದ ಹನ್ನೆರಡು ನುಡಿಗಳೂ ಒಂದೇ ವಾರದಲ್ಲಿ ಪುಸ್ತಕಕ್ಕೆ ಬಂದವು. ಬಾರದೆ ಉಳಿದದ್ದು ರಾಗ. ಚಿಕ್ಕಬೋರಮ್ಮ ತೊಡೆ ತಟ್ಟಿ ತಾಳ ತೋರಿಸಿದಳು, ದನಿ ಎಲ್ಲಿ ಏರಬೇಕು ಎಲ್ಲಿ ಇಳಿಯಬೇಕು ಎಂದು ಗಾಳಿಯಲ್ಲಿ ಕೈಯಾಡಿಸಿದಳು. ದೀಪಿಕ ಹೇಗೆ ಹೇಳಿದರೂ ಅದು ಜಾರಿ ಬೇರೆ ಯಾವುದೋ ಧಾಟಿಗೆ ಬೀಳುತ್ತಿತ್ತು. ಅಲ್ಲ, ಅಲ್ಲ ಎಂದು ಅತ್ತೆ ತಲೆಯಾಡಿಸುತ್ತಿದ್ದಳು. ಮೂರನೆಯ ವಾರದ ಹೊತ್ತಿಗೆ ತಲೆಯಾಡಿಸುವುದನ್ನೂ ಬಿಟ್ಟಳು.

ಹೊಸತೊಡಕಿನ ದಿನ ಸ್ವಾಮಿ ಎಲ್ಲಿಂದಲೋ ಸ್ಪೀಕರ್ ತಂದು ಅಂಗಳದಲ್ಲಿಟ್ಟ. ಅಂಗಳ ಸುಮ್ಮನಿದ್ದರೆ ಅವ್ವನಿಗೆ ನೋವಾದೀತೆಂಬುದು ಅವನ ಯೋಚನೆ. ಸಿನಿಮಾ ಹಾಡುಗಳು ಮೊಳಗಿದವು. ಯಾರೂ ಯಾವ ಪದವನ್ನೂ ಕೇಳಲಿಲ್ಲ. ಕೆಂಪಸಿದ್ದಯ್ಯ ಒಮ್ಮೆ ಅತ್ತಿಗೆಯ ಕಡೆ ನೋಡಿ, ಕಣ್ಣು ಕೂಡುತ್ತಲೇ ಬೇರೆ ಕಡೆ ತಿರುಗಿದ. ಈರುಳ್ಳಿ ಹೆಚ್ಚುತ್ತ ಕೂತಿದ್ದ ಚಿಕ್ಕಬೋರಮ್ಮನಿಗೆ ಅವರ ಮರುಕವೇ ಹೆಚ್ಚು ಭಾರವಾಯಿತು.

ಸಾರು ಇಳಿಸುವ ಹೊತ್ತಿಗೆ ದೀಪಿಕ ಬಂದು ಸ್ಪೀಕರ್ ಆರಿಸಿದಳು. ಪುಸ್ತಕ ತೆರೆದು ನಿಂತೇ ಶುರು ಮಾಡಿದಳು:

“ಕಾಲುವೆ ನೀರಿಗೆ ಕಾಲಿಟ್ಟೆನವ್ವಾ,
ತವರಿನ ಮಣ್ಣು ತೊಳೆದೋಯ್ತು.”

ಎರಡು ನುಡಿ ಮುಗಿಯುವುದರಲ್ಲಿ ಕೆಂಪಸಿದ್ದಯ್ಯ ಟವೆಲಿನಿಂದ ಕಣ್ಣೊರೆಸಿಕೊಂಡು, ಥೇಟು ಅತ್ತಿಗೆ ಹೇಳಿದ ಹಾಗೇ ಇದೆ ಎಂದ. ಉಳಿದವರೂ ಹೌದೆಂದರು. ಜಗಲಿಯ ಮೇಲಿದ್ದ ಹೊನ್ನಯ್ಯ ಮಾತ್ರ ಕೈಯೆತ್ತಿ ತಡೆದ.

“ಅದಲ್ಲ ಕಣವ್ವ,” ಎಂದ. “ಮಣ್ಣು ಅನ್ನೋತಾವ ಕೆಳೀಕೆ ಇಳೀಬೇಕು. ಇಳ್ದು ವಸಿ ನಿಂತ್ಕಬೇಕು.”

“ಎಂಗೆ ಮಾವ? ನೀವೇ ಏಳ್ಕೊಡಿ.”

ಹೊನ್ನಯ್ಯ ಜನ್ಮದಲ್ಲಿ ಹಾಡಿದವನಲ್ಲ. ಹೆಂಡತಿ ಹಾಡುವಾಗ ಬಾಯಿ ತುಂಬ ಹೊಗಳಿದವನೂ ಅಲ್ಲ. ಬಾಯಿ ತೆರೆದ; ಒರಟಾದ ಒಂದು ಸದ್ದು ಹೊರಟು ನಿಂತಿತು. ಮತ್ತೊಮ್ಮೆ ಹಾಡಿ ನೋಡಿದ. ಆಗಲಿಲ್ಲ.

“ಕಿವೀಲದೆ,” ಎಂದ ಮೆಲ್ಲಗೆ. “ಬಾಯ್ಗೆ ಬರಾಕಿಲ್ಲ.”

ಈ ಮನುಷ್ಯ ನಲವತ್ತು ವರ್ಷದಲ್ಲಿ ಒಂದು ದಿನವೂ ತನ್ನ ಪದವನ್ನು ಕಿವಿಗೆ ಹಾಕಿಕೊಂಡಿಲ್ಲ ಎಂದೇ ಚಿಕ್ಕಬೋರಮ್ಮ ನಂಬಿದ್ದಳು. ಆಪರೇಷನ್ನಿನ ದಿನ ಅವಳು ಅತ್ತಿರಲಿಲ್ಲ. ಈಗ ಅತ್ತಳು. ಅಳುವಿಗೂ ದನಿಯಿಲ್ಲದ್ದರಿಂದ ಅದು ಬೇರೆಯವರ ಗಮನಕ್ಕೆ ಬರಲು ಸ್ವಲ್ಪ ಹೊತ್ತೇ ಹಿಡಿಯಿತು.

ದೀಪಿಕ ಗಾಬರಿಯಾಗಿ ಪುಸ್ತಕ ಮುಚ್ಚಿ, ಇನ್ನು ಹಾಡುವುದಿಲ್ಲ ಎಂದಳು. ಚಿಕ್ಕಬೋರಮ್ಮ ಅವಳ ಕೈಹಿಡಿದು ಬಗ್ಗಿಸಿಕೊಂಡು ಕಿವಿಯಲ್ಲಿ ಉಸುರಿದಳು:

“ನಿಂಗ್ ಬಂದಂಗೇ ಏಳು ಮಗ. ಪದ ಆದ್ರೂ ಉಳೀಲಿ.”

ದೀಪಿಕ ಉಳಿದ ಹತ್ತು ನುಡಿಗಳನ್ನೂ ತನಗೆ ಬಂದ ಧಾಟಿಯಲ್ಲೇ ಹೇಳಿದಳು. ಮೊದಮೊದಲು ನಡುಗುತ್ತಿದ್ದ ದನಿ ಆಮೇಲೆ ಹದಕ್ಕೆ ಬಂತು. ಹೊನ್ನಯ್ಯ ತಲೆ ತಗ್ಗಿಸಿ ಕೂತಿದ್ದ. ಮಕ್ಕಳು ಆಗಲೇ ಜೊತೆಗೂಡಿ ಗುನುಗತೊಡಗಿದ್ದರು. ಕೊನೆಯ ನುಡಿ ಮುಗಿದಾಗ ಚಿಕ್ಕಬೋರಮ್ಮ ಮನಸ್ಸಿನೊಳಗೆ ಅವ್ವನ ರಾಗಕ್ಕಾಗಿ ತಡಕಾಡಿದಳು. ಸೊಸೆಯ ಧಾಟಿಯೇ ಮುಂದೆ ಬಂದು ನಿಂತಿತು. ಮತ್ತೊಮ್ಮೆ ತಡಕಾಡಿದಳು; ಮತ್ತೆ ಅದೇ ಬಂತು. ಎದ್ದು, ಬಾಳೆಯೆಲೆಗಳನ್ನು ಒಂದೊಂದಾಗಿ ಒರೆಸಿ ಹಾಕತೊಡಗಿದಳು.