ಮೂರನೆಯ ಬಾಣ

ಮಣ್ಣಿಗೆ ಹೊರಟ ಬಸ್ಸಿನಲ್ಲಿ, ಸೀಟಿನ ಮೇಲಿದ್ದ ಹೆಣಿಗೆಯ ಚಾಪೆಯನ್ನು ಪೆನಿನಾ ಮಡಿಲಿಗೆಳೆದುಕೊಂಡು ಪಕ್ಕದಲ್ಲಿ ಜಾಗ ಮಾಡಿದಳು. ಚರ್ಚಿನಲ್ಲಿ ಪ್ರಾರ್ಥನೆ ಮುಗಿದಿತ್ತು. ಗಂಡ ಇಯೋಸೆಫೊನ ಶವಪೆಟ್ಟಿಗೆ ಮುಂದಿನ ಲಾರಿಯಲ್ಲಿ ಹೊರಟಿತ್ತು. ಅವನ ಅಕ್ಕ ಸೂಲಿಯಾ ಮಾತ್ರ ಜೀಗುಜ್ಜೆ ಮರದ ಕೆಳಗೆ ನಿಂತೇ ಇದ್ದಳು.

ತಮ್ಮನನ್ನು ಸವಾಯಿ ದ್ವೀಪದ ಹುಟ್ಟೂರಿನಲ್ಲೇ ಮಣ್ಣು ಮಾಡಬೇಕೆಂದು ಅವಳ ಹಟ. ಗಂಡಹೆಂಡತಿ ಬಾಳಿದ ಮನೆಯಂಗಳದಲ್ಲೇ ಎಂದು ಪೆನಿನಾಳದು. ಗೆದ್ದವಳು ಪೆನಿನಾ. ಹಾಗಾದರೆ ತಾನು ಮಣ್ಣಿಗೆ ಬರುವುದಿಲ್ಲ, ಮಧ್ಯಾಹ್ನದ ಹಡಗು ಹಿಡಿಯುತ್ತೇನೆ ಎಂದುಬಿಟ್ಟಿದ್ದಳು ಸೂಲಿಯಾ. ಸಾಕಿ ಬೆಳೆಸಿದ ಅಕ್ಕನಿಲ್ಲದೆ ಅವನನ್ನು ಮಣ್ಣಿಗಿಡಲು ಪೆನಿನಾಳಿಗೆ ಮನಸ್ಸೇ ಒಪ್ಪುತ್ತಿರಲಿಲ್ಲ.

*

ಶಾಲೆಯಲ್ಲಿ ಮೇಷ್ಟರಾಗಿದ್ದ ಇಯೋಸೆಫೊ ಪರಮಾಣುವಿನ ಪಾಠವನ್ನು ಊರ ಬಸ್ಸಿನಿಂದಲೇ ಶುರು ಮಾಡುತ್ತಿದ್ದ. ಒಂದೇ ಮಟ್ಟದ ಕಕ್ಷಕಗಳು, ಅಂದರೆ ಎಲೆಕ್ಟ್ರಾನುಗಳಿರುವ ಜಾಗಗಳು, ಬಸ್ಸಿನ ಸೀಟುಗಳಿದ್ದಂತೆ. ಎಲೆಕ್ಟ್ರಾನುಗಳು ಮೊದಲು ಸೀಟಿಗೊಂದರಂತೆ ಕೂರುತ್ತವೆ, ಎಲ್ಲದರ ಗಿರಕಿಯೂ ಒಂದೇ ಕಡೆಗೆ. ಖಾಲಿ ಸೀಟು ಮುಗಿದ ಮೇಲಷ್ಟೇ ಜೋಡಿ. ಅದೂ ಎರಡನೆಯದರ ಗಿರಕಿ ತಿರುವುಮುರುವಾಗಿದ್ದರೆ ಮಾತ್ರ. ಮೂರನೆಯದಕ್ಕೆ ಜಾಗವಿಲ್ಲ. ಚಿತ್ರದಲ್ಲಿ ಸೀಟಿಗೊಂದು ಚೌಕ, ಎಲೆಕ್ಟ್ರಾನಿಗೊಂದು ಬಾಣ.

ಮಕ್ಕಳಿಗೆ ಚೆನ್ನಾಗಿಯೇ ಅರ್ಥವಾಯಿತು. ಬಹಳ ಹಿಂದೆ ಒಂದು ಪರೀಕ್ಷೆಯಲ್ಲಿ ಇಡೀ ತರಗತಿ ಒಂದೊಂದು ಚೌಕದಲ್ಲಿ ಮೂರು ಮೂರು ಬಾಣ ಬರೆದಿತ್ತು.

"ಮೂರನೇದು ಎಲ್ಲಿಂದ ಬಂತೇ?" ಎಂದು ಫಿಲೆಮು ಎಂಬ ಹುಡುಗಿಯನ್ನು ಕೇಳಿದ.

"ನಮ್ಮ ಬಸ್ಸಲ್ಲಿ ಕೂರೋ ಹಾಗೆ ತೊಡೆ ಮೇಲೆ ಕೂತಿದೆ ಸರ್. ಪಾಪ, ಅದೊಂದು ನಿಂತ್ಕೊಂಡೇ ಹೋಗ್ಬೇಕಾ?"

ಸೊನ್ನೆ ಕೊಟ್ಟು ಮನೆಗೆ ಬಂದವನು ಪೆನಿನಾಳೆದುರು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದ. ಆಮೇಲೂ ಬಸ್ಸಿನ ಪಾಠ ಬಿಡಲಿಲ್ಲ, ಸೊನ್ನೆಗಳೂ ನಿಲ್ಲಲಿಲ್ಲ. ನಗುನಗುತ್ತಲೇ ಬಾಳಿದ ಮನುಷ್ಯ.

*

ಬಸ್ಸು ತುಂಬಿತು. ಮೊದಲು ಸೀಟಿಗೊಬ್ಬರು, ಆಮೇಲೆ ಇಬ್ಬರು, ಆಮೇಲೆ ತೊಡೆಗಳ ಮೇಲೆ. ಪೆನಿನಾಳ ಪಕ್ಕ ಮಾತ್ರ ಯಾರೂ ಕೂರಲಿಲ್ಲ. ಡ್ರೈವರ್ ಇಂಜಿನ್ ಶುರು ಮಾಡಿದಾಗ ಅವಳು ಕಿಟಕಿಯಿಂದ ತಲೆ ಹೊರಹಾಕಿದಳು.

"ಅತ್ತಿಗೆ, ಬನ್ನಿ. ನನ್ನ ಮುಖ ನೋಡೋದು ಬೇಡ, ಆ ಕಡೆ ತಿರುಗೇ ಕೂತ್ಕೊಳ್ಳಿ. ಒಂದು ಸೀಟಲ್ಲಿ ಇಬ್ರು ಕೂರೋದು ಹಾಗೇ ಅಂತ ನಿಮ್ಮ ತಮ್ಮನೇ ಹೇಳ್ತಿದ್ರಲ್ಲ."

ಸೂಲಿಯಾ ಬಂದರಿನ ರಸ್ತೆಯತ್ತ ಒಮ್ಮೆ ನೋಡಿದಳು. "ಅವನೊಬ್ಬ, ಅವನ ಬಸ್ಸೊಂದು," ಎಂದು ಗೊಣಗುತ್ತ ಹತ್ತಿದಳು. ಪೆನಿನಾ ಕಿಟಕಿಯ ಕಡೆಗೆ, ಅವಳು ಬಾಗಿಲ ಕಡೆಗೆ ಮುಖ ಮಾಡಿ ಕೂತರು.

ಕೊನೆಗೆ ಓಡಿಬಂದವಳು ಫಿಲೆಮು. ಈಗ ಬೇಕರಿ ನಡೆಸುವ ದಪ್ಪನೆಯ ಹೆಂಗಸು, ಕೈಯಲ್ಲಿ ಮಣ್ಣಿಗೆ ಬಂದವರಿಗೆಂದು ತೆಂಗಿನಹಾಲಿನ ಬನ್ನಿನ ಬುಟ್ಟಿ. ಎಲ್ಲೂ ಜಾಗವಿರಲಿಲ್ಲ. ಪೆನಿನಾ ಚಾಪೆಯನ್ನು ಇಬ್ಬರ ತೊಡೆಗೂ ಹಾಸಿದಳು. ಸೂಲಿಯಾ ಅದರ ತುದಿ ಎಳೆದು ಸರಿಮಾಡಿದಳು.

"ಸರ್ ಇದ್ದಿದ್ರೆ ಮತ್ತೆ ಸೊನ್ನೆ ಕೊಡೋರು," ಎನ್ನುತ್ತ ಫಿಲೆಮು ಕೂತಳು.

ಸಮುದ್ರದ ತಿರುವಿನಲ್ಲಿ ಬಸ್ಸು ವಾಲಿತು. ಫಿಲೆಮು ಜಾರದಂತೆ ಪೆನಿನಾಳದೊಂದು, ಸೂಲಿಯಾಳದೊಂದು ಕೈ ಬಳಸಿ ಬಂದು, ಅವಳ ಬೆನ್ನ ಹಿಂದೆ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡವು.