ಲಾ ತಿನಾಹಾದ ಅಡ್ಡಮರ

ಕಡಲು ಅಕಾಪುಲ್ಕೊದಲ್ಲೂ ಇದೆ. ನಮ್ಮ ಮನೆಯ ಮೆಟ್ಟಿಲ ಮೇಲಿಂದ ಒಂದು ನಿಂಬೆಹಣ್ಣು ಉರುಳಿಸಿದರೆ ನೇರ ಹೋಗಿ ನೀರಿಗೆ ಬೀಳುತ್ತದೆ, ಅಷ್ಟು ಹತ್ತಿರ. ಆದರೆ ನನ್ನ ಅಮ್ಮ ಒಬ್ದುಲಿಯಾಗೆ ಆ ಕಡಲು ಬೇಡ. ಅವಳಿಗೆ ಬೇಕಾದದ್ದು ಅವಳು ಹುಟ್ಟಿದೂರಿನ ಲಾ ತಿನಾಹಾ. ಬಸ್ಸು ಹತ್ತಿ, ಪಿಕಪ್ ಹತ್ತಿ, ಆಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ಮರಳಲ್ಲಿ ನಡೆದರೆ ಸಿಗುವ ಕಡಲು.

"ಎಲ್ಲಾ ಕಡೆ ಅದೇ ನೀರಲ್ವೇನಮ್ಮ?" ಅಂದೆ.

"ಅದೇ ನೀರು ಅಂತ ನೀನು ಹೇಳ್ತೀಯ. ಇದು ಡಾಲರ್ ನೋಡಿ ಕೆಟ್ಟಿರೋ ನೀರು ಕಣೇ ನಿಕಾ. ನನ್ನ ಕೂದಲಿಗೆ ಇದರ ಪರಿಚಯ ಇಲ್ಲ."

ಎಲ್ಲಾ ಆ ಕೂದಲಿಗಾಗಿಯೇ. ಎರಡು ವರ್ಷದ ಹಿಂದೆ ಎದೆಯ ಗಡ್ಡೆಗೆ ಆಸ್ಪತ್ರೆಯಲ್ಲಿ ಔಷಧಿ ಹತ್ತಿಸಿದಾಗ, ಸೊಂಟ ಮುಟ್ಟುತ್ತಿದ್ದ ಅವಳ ಗುಂಗುರು ಕೂದಲು ಪೂರ್ತಿ ಉದುರಿಹೋಯಿತು. ಅಮ್ಮ ಅಳಲಿಲ್ಲ. ಹಳದಿ ಬಟ್ಟೆಯೊಂದನ್ನು ತಲೆಗೆ ಸುತ್ತಿದಳು, ಆಮೇಲೆ ಅದನ್ನು ನನ್ನೆದುರಿಗೂ ಬಿಚ್ಚಲಿಲ್ಲ. ಹೋದ ವರ್ಷದ ಜೂನ್ ಹೊತ್ತಿಗೆ ಮೂರು ಬೆರಳಷ್ಟು ಬೆಳೆದಿದೆ ಎಂದು ಅವಳೇ ಹೇಳಿದ್ದು.

ನಮ್ಮ ಕರಾವಳಿಯ ಹೆಂಗಸರು ಜೂನ್ ತಿಂಗಳಲ್ಲಿ ಸಂತ ಸಾನ್ ಹ್ವಾನ್‌ನ ಹಬ್ಬದ ದಿನ ಬೆಳಗಾಗುತ್ತಲೇ ಕೂದಲನ್ನು ಮರದ ದಿಮ್ಮಿಯ ಮೇಲೆ ಹರಡಿ, ತುದಿಯನ್ನು ಮಚ್ಚಿನಿಂದ ಕತ್ತರಿಸಿಕೊಂಡು, ಕಡಲಲ್ಲಿ ಮುಳುಗುತ್ತಾರೆ. ಹಾಗೆ ಮಾಡಿದರೆ ಕೂದಲು ದಟ್ಟವಾಗಿ ಬರುತ್ತದೆ. ಲಾ ತಿನಾಹಾದ ದಂಡೆಯಲ್ಲಿ ಎಂದೋ ಅಲೆ ತಂದೆಸೆದ ದೊಡ್ಡ ದಿಮ್ಮಿಯೊಂದಿತ್ತು. ಅಜ್ಜಿಯ ಕೂದಲು, ಅಮ್ಮನ ಕೂದಲು, ನನ್ನ ಕೂದಲು ಎಲ್ಲಾ ಬಿದ್ದದ್ದು ಅದರ ಮೇಲೆಯೇ. ಆಸ್ಪತ್ರೆಯ ಮಂಚದಲ್ಲಿ ಮಲಗಿಕೊಂಡೇ ಅಮ್ಮ ಸಂತನಿಗೆ ಮಾತು ಕೊಟ್ಟಿದ್ದಳು: ನನ್ನ ಕೂದಲು ನನಗೆ ಕೊಡು, ಲಾ ತಿನಾಹಾಕ್ಕೆ ಬಂದು ಮಚ್ಚಿಗೆ ತಲೆ ಕೊಡುತ್ತೇನೆ. ಸಂತ ತನ್ನ ಪಾಲಿನದು ಮಾಡಿದ್ದ.

ಆದರೆ ಅಲ್ಲಿ ಈಗ ಒಂದು ಹೋಟೆಲು ಎದ್ದಿದೆ. ಅವರ ಗಿರಾಕಿಗಳು ಬರುವುದು ದೋಣಿಯಲ್ಲಿ, ಕೈಯಲ್ಲಿ ಗ್ಲಾಸು ಹಿಡಿದುಕೊಂಡು. ಆ ದೋಣಿಯ ದರ ಕೇಳಿ ನಾನು ನಕ್ಕುಬಿಟ್ಟೆ. ಅಷ್ಟು ಸಂಪಾದಿಸಬೇಕಾದರೆ ನಾನು ದುಡಿಯುವ ಲಾಂಡ್ರಿಯಲ್ಲಿ ಎಷ್ಟು ಬೆಡ್‌ಶೀಟು ಒಗೆಯಬೇಕೆಂದು ನನ್ನ ಬೆನ್ನಿಗೆ ಗೊತ್ತು. ಭೂಮಿಯ ಮೇಲಿನ ದಾರಿಗೆ ಅವರು ಗೇಟು ಹಾಕಿದ್ದಾರೆ. ಕಡಲತೀರ ಎಲ್ಲರದೂ ಅಂತ ದೇಶದಲ್ಲಿ ಕಾನೂನಿದೆ, ಹೋಟೆಲಿನವರೂ ಅದನ್ನು ಒಪ್ಪುತ್ತಾರೆ. ತೀರ ನಿಮ್ಮದೇ, ದಾರಿ ಮಾತ್ರ ನಮ್ಮದು ಅನ್ನುತ್ತಾರೆ. ಗಂಡ ನಿನ್ನವನೇ ಕಣೇ, ಮನೆ ಮಾತ್ರ ನನ್ನದು ಅಂತ ಸವತಿ ಹೇಳಿದ ಹಾಗೆ.

ಹಬ್ಬದ ಹಿಂದಿನ ದಿನ ಸೆಕೆಂಡ್ ಕ್ಲಾಸ್ ಬಸ್ಸು ಹತ್ತಿದೆವು. ಬುತ್ತಿಗೆ ತೊರ್ತಿಯಾ ರೊಟ್ಟಿ, ಬೇಯಿಸಿದ ಮೊಟ್ಟೆ, ಮೆಣಸಿನ ಚಟ್ನಿ. ಅಮ್ಮನ ತೊಡೆಯ ಮೇಲೆ ಟವೆಲಿನಲ್ಲಿ ಸುತ್ತಿದ ಉದ್ದನೆಯ ಗಂಟೊಂದಿತ್ತು. ಕಂಡಕ್ಟರ್ ಅದನ್ನು ಬೆರಳಲ್ಲಿ ತಟ್ಟಿದ.

"ಏನಜ್ಜಿ ಇದು?"

"ಮಚ್ಚು. ನಮ್ಮಪ್ಪಂದು."

"ಮಚ್ಚಾ! ಯಾರಿಗೆ?"

"ನನ್ನ ತಲೆಗೆ."

ಅವನು ನನ್ನ ಮುಖ ನೋಡಿದ. ನಾನು ಹೌದು ಎಂದು ತಲೆಯಾಡಿಸಿದೆ. ಚಿಲ್ಲರೆ ಕೂಡ ಎಣಿಸದೆ ಮುಂದೆ ಹೋದ. ಬಸ್ಸು ಕೈ ತೋರಿಸಿದವರಿಗೆಲ್ಲ ನಿಂತು, ಕೋಳಿ, ಐಸ್ ಡಬ್ಬ, ಮಾವಿನಹಣ್ಣಿನ ಬುಟ್ಟಿ ಎಲ್ಲವನ್ನೂ ತುಂಬಿಕೊಂಡು, ಮಧ್ಯಾಹ್ನದ ಹೊತ್ತಿಗೆ ನಮ್ಮನ್ನು ಕ್ವಾಹಿ ಪೇಟೆಯಲ್ಲಿ ಇಳಿಸಿತು. ನನ್ನ ಚೀಲದ ತಳದಲ್ಲಿ ಒಂದು ಕತ್ತರಿ ಇತ್ತು. ಅಮ್ಮನಿಗೆ ಹೇಳಿರಲಿಲ್ಲ. ಮೂರು ಬೆರಳಿನ ಕೂದಲಿಗೆ ಮಚ್ಚು ಇಡುವ ಧೈರ್ಯ ನನಗಂತೂ ಇರಲಿಲ್ಲ.

ಕ್ವಾಹಿಯಿಂದ ಊರಿಗೆ ಪಿಕಪ್. ಹಿಂದೆ ಎರಡು ಹಲಗೆ ಹಾಕಿ, ಮೇಲೆ ತಾಡಪಾಲು ಕಟ್ಟಿರುತ್ತಾರೆ. ಡ್ರೈವರ್ ಅಮ್ಮನನ್ನು ಕೈ ಹಿಡಿದು ಹತ್ತಿಸುತ್ತಾ, "ಲಾ ತಿನಾಹಾಕ್ಕಾ? ಬಿಡಲ್ಲಮ್ಮ. ಸುಮ್ನೆ ದುಡ್ಡು ದಂಡ. ವಾಪಸ್ ಹೋಗಿ," ಅಂದ.

"ನಿನ್ನ ಗಾಡಿ ಎಲ್ಲೀತನಕ ಹೋಗುತ್ತೋ ಅಲ್ಲೀತನಕ ಬಿಡು. ಆಮೇಲಿಂದು ನನ್ನ ಕಾಲು ನೋಡ್ಕೊಳ್ಳುತ್ತೆ."

ರಾತ್ರಿ ಉಳಿದದ್ದು ಅಮ್ಮನ ಚಿಕ್ಕಮ್ಮನ ಮಗಳು ತೊಮಾಸಾಳ ಮನೆಯಲ್ಲಿ. ಊಟಕ್ಕೆ ಚಿಪ್ಪುಮೀನಿನ ತಮಾಲೆ ಕಡುಬು ಬಡಿಸುತ್ತಾ ತೊಮಾಸಾ ಗುಟ್ಟು ಹೇಳುವವಳ ಹಾಗೆ ಬಗ್ಗಿದಳು. "ಹಿನ್ನೀರಿನ ಪೊದೆಯೊಳಗೆ ಹೋಟೆಲಿನ ಬೇಲಿಗೆ ಒಂದು ಕಿಂಡಿ ಇದೆ ಅಕ್ಕ. ಮೀನು ಹಿಡಿಯೋರು ಅಲ್ಲೇ ನುಸುಳ್ತಾರೆ. ಸೊಂಟ ಬಗ್ಗಿಸಿ, ಕೆಸರಲ್ಲಿ ಸದ್ದು ಮಾಡ್ದೆ ಹೋದ್ರೆ ಯಾರಿಗೂ ಕಾಣಲ್ಲ."

ಅಮ್ಮ ತಮಾಲೆ ಕೆಳಗಿಟ್ಟಳು. "ನನ್ನೂರಿನ ಕಡಲಿಗೆ ನಾನು ಕಳ್ಳಿ ಹಂಗೆ ಹೋಗ್ಬೇಕಾ? ನನಗೆ ಸೊಂಟ ಬಗ್ಗಿಸು ಅಂತೀಯಲ್ಲೇ, ನಾಚಿಕೆ ಆಗಲ್ವಾ ನಿಂಗೆ? ದಾರೀಲಿ ಬಂದಿದೀನಿ, ದಾರೀಲೇ ಹೋಗ್ತೀನಿ."

"ಬಿಡದಿದ್ರೆ?" ಅಂದೆ ನಾನು.

"ಬಿಡೋತನಕ ಅಲ್ಲೇ ಕೂತಿರ್ತೀನಿ. ನಂಗೇನು, ಮನೇಲಿ ಕಾಯ್ತಿರೋ ಗಂಡ ಇದಾನಾ?"

ಬೆಳಕು ಹರಿಯುವ ಹೊತ್ತಿಗೆ ಗೇಟಿನ ಮುಂದೆ ಇದ್ದೆವು. ಗೇಟೆಂದರೆ ಕೆಂಪು ಬಿಳಿ ಬಣ್ಣ ಬಳಿದ ಒಂದು ಉದ್ದನೆಯ ತೆಂಗಿನ ಮರ, ದಾರಿಗೆ ಅಡ್ಡ, ಸೊಂಟದೆತ್ತರಕ್ಕೆ. ಒಂದು ತುದಿಗೆ ಭಾರದ ಕಲ್ಲು, ಇನ್ನೊಂದು ತುದಿಗೆ ಹಗ್ಗ. ಪಕ್ಕದಲ್ಲಿ ಕಾವಲುಗಾರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಎಳನೀರು ಕೊಚ್ಚುತ್ತಿದ್ದ. ಟಕಟಕ ಅಂತ ಸಿಪ್ಪೆ ಹಾರಿತು, ಒಂದು ಹನಿ ಚೆಲ್ಲಲಿಲ್ಲ. ಅಮ್ಮ ಅವನ ಕೈಯನ್ನೇ ನೋಡುತ್ತಾ ನಿಂತಳು.

"ದಾರಿ ಇಲ್ಲ ಅಜ್ಜಿ. ಹೋಟೆಲಿಗೆ ಬರೋರಿಗೆ ಮಾತ್ರ."

"ನಾನು ಹೋಟೆಲಿಗೆ ಬಂದಿಲ್ಲ. ಕಡಲಿಗೆ ಬಂದಿದೀನಿ."

"ಕಡಲು ಹೋಟೆಲಿನ ಹಿಂದಿದೆ."

"ಹೋಟೆಲು ಕಡಲಿನ ಮುಂದೆ ಬಂದು ಕೂತಿದೆ ಅನ್ನು. ಮೊದಲು ಬಂದಿದ್ದು ಯಾರಪ್ಪ?"

ಅವನಿಗೆ ನಗು ಬಂತು, ತಡೆದುಕೊಂಡ. ಹೆಸರು ಫಿದೆನ್ಸಿಯೊ ಅಂತೆ, ಗುಡ್ಡದ ಕಡೆಯವನು. ನಾನು ಕಾನೂನು ಶುರುಮಾಡಿದೆ. ತೀರ ದೇಶದ್ದು, ನಿಮ್ಮಪ್ಪಂದಲ್ಲ, ನಿಮ್ಮ ಮ್ಯಾನೇಜರಪ್ಪಂದೂ ಅಲ್ಲ ಅಂತ ಗಂಟಲು ಹರಿಯುವ ಹಾಗೆ ಕೂಗಿದೆ.

"ಕಾನೂನು ನಂಗೂ ಗೊತ್ತಕ್ಕ," ಅಂದ ಫಿದೆನ್ಸಿಯೊ. "ಸಂಬಳ ಕೊಡೋದು ಕಾನೂನಲ್ಲ. ಎರಡು ವರ್ಷ ಅಲೆದ ಮೇಲೆ ಸಿಕ್ಕಿರೋ ಕೆಲಸ ಇದು." ಆಮೇಲೆ ಅಮ್ಮನ ಟವೆಲಿನ ಗಂಟು ನೋಡಿದ. ಅದೇನೆಂದು ಅವನಿಗೆ ಗೊತ್ತಾಯಿತು, ದಿನ ಯಾವುದೆಂದೂ ಗೊತ್ತಿತ್ತು. ದನಿ ಇಳಿಸಿದ. "ಒಂದು ಮಾತು ಹೇಳ್ತೀನಿ ಅಜ್ಜಿ, ಬೇಜಾರು ಮಾಡ್ಕೋಬೇಡಿ. ನೀವು ಹೋದ್ರೂ ಆ ದಿಮ್ಮಿ ಅಲ್ಲಿಲ್ಲ. ಗರಗಸ ಹಾಕಿ ಕೊಯ್ದು ಬಾರ್ ಕೌಂಟರ್ ಮಾಡಿದಾರೆ."

ನನ್ನ ಅಜ್ಜಿ ತಲೆಯಿಟ್ಟ ಮರದ ಮೇಲೆ ಈಗ ಯಾರೋ ಬಿಯರ್ ಬಾಟಲಿ ಇಡುತ್ತಿದ್ದಾರೆ. ಇಷ್ಟು ದೂರ ಬಂದದ್ದು ಈ ಮಾತು ಕೇಳುವುದಕ್ಕಾ ಎಂದು ದುಃಖ ಬಂತು.

ಅಮ್ಮ ನಿಧಾನವಾಗಿ ಅಡ್ಡಮರದ ಹತ್ತಿರ ಹೋದಳು. ಕಲ್ಲಂಗಡಿ ಕೊಳ್ಳುವಾಗ ತಟ್ಟಿ ನೋಡುವ ಹಾಗೆ ಗೆಣ್ಣಿನಿಂದ ತಟ್ಟಿದಳು.

"ಗಟ್ಟಿ ಇದೆ," ಅಂದು ಬಗ್ಗಿದಳು.

ಫಿದೆನ್ಸಿಯೊ ಎಳನೀರು ಕೆಳಗಿಟ್ಟು ಎದ್ದ. "ನುಸುಳಬೇಡಿ ಅಜ್ಜಿ! ನನ್ನ ಹೊಟ್ಟೆ ಮೇಲೆ ಹೊಡೀಬೇಡಿ!"

"ಯಾರೋ ನುಸುಳ್ತಿರೋದು?" ಅಮ್ಮ ಮಂಡಿಯೂರಿದಳು. ಹಳದಿ ಬಟ್ಟೆ ಬಿಚ್ಚಿ ಕುತ್ತಿಗೆಗೆ ಹಾಕಿಕೊಂಡಳು. ಕೂದಲು ಪೂರ್ತಿ ಬೆಳ್ಳಗೆ, ತಲೆಗೆ ಅಂಟಿದ ಪುಟ್ಟ ಪುಟ್ಟ ಗುಂಗುರು. ಒಂದು ವರ್ಷದಿಂದ ನಾನು ನೋಡದ ತಲೆ ಅದು. ಅವಳು ಕೆನ್ನೆಯನ್ನು ಅಡ್ಡಮರದ ಮೇಲಿಟ್ಟಳು. "ನಿಕಾ, ಮಚ್ಚು ಅವನ ಕೈಗೆ ಕೊಡು."

"ಬೇಡಮ್ಮ. ಇಷ್ಟು ಚಿಕ್ಕ ಕೂದಲು, ಕೈ ಜಾರಿದ್ರೆ?" ನಾನು ಚೀಲಕ್ಕೆ ಕೈ ಹಾಕಿ ಕತ್ತರಿ ತೆಗೆದೆ.

"ಅದನ್ನ ನಿನ್ನೆ ಬಸ್ಸಲ್ಲೇ ನೋಡ್ದೆ. ಒಳಗಿಡು. ಸಂತನಿಗೆ ಮಚ್ಚು ಅಂತ ಹೇಳಿದೀನಿ."

ಫಿದೆನ್ಸಿಯೊ ಹಿಂದೆ ಸರಿದ. "ನಾನು ಕತ್ತರಿಸಿದ್ರೆ ಏನಾಗುತ್ತೆ ಗೊತ್ತಲ್ವಾ ನಿಮಗೆ?"

"ಗೊತ್ತಿದ್ದೇ ಕೇಳ್ತಿರೋದು."

ಸಾನ್ ಹ್ವಾನ್ ದಿನ ತಲೆಗೆ ಮಚ್ಚಿಟ್ಟವನು ಆ ಹೆಂಗಸಿಗೆ ಕೊಂಪಾದ್ರೆ ಆಗುತ್ತಾನೆ, ಅವಳು ಅವನಿಗೆ ಕೊಮಾದ್ರೆ. ಸಾಯುವ ತನಕದ ನಂಟು. ಒಡಹುಟ್ಟಿದವರು ಆಸ್ತಿಗೆ ಹೊಡೆದಾಡಿಕೊಂಡರೆ ಯಾರೂ ಏನೂ ಅನ್ನುವುದಿಲ್ಲ. ಕೊಮಾದ್ರೆ ಕೇಳಿದ್ದಕ್ಕೆ ಇಲ್ಲ ಅಂದವನ ಮನೆಯಲ್ಲಿ ಯಾರೂ ನೀರು ಕುಡಿಯುವುದಿಲ್ಲ. ಅದಕ್ಕೇ ಅವನು ಹೋಟೆಲಿನ ಕಡೆ ಒಮ್ಮೆ, ಅಮ್ಮನ ತಲೆಯ ಕಡೆ ಒಮ್ಮೆ ನೋಡುತ್ತಿದ್ದ. ಆದರೆ ಈ ದಿನ ಮುಂದಿಟ್ಟ ತಲೆಯನ್ನು ಬೇಡ ಅನ್ನುವುದೂ ಸಣ್ಣ ಮಾತಲ್ಲ.

"ಯಾವಾಗ ಉದುರಿದ್ದು?" ಅಂತ ಕೇಳಿದ.

"ಹೋದ ವರ್ಷ. ಗಡ್ಡೆ ಆಗಿತ್ತು."

"ತುಂಬಾ ನೋವಿತ್ತಾ?"

"ನಿನ್ನ ಗೇಟಿನಷ್ಟು ಇರ್ಲಿಲ್ಲ."

ಅವನು ಕ್ಯಾಪ್ ತೆಗೆದು ಕುರ್ಚಿಯ ಮೇಲಿಟ್ಟ. ನನ್ನ ಕೈಯಿಂದ ಮಚ್ಚು ತಗೊಂಡು ಅಂಗಿಯ ತುದಿಯಲ್ಲಿ ಒರೆಸಿದ. ಬೆರಳನ್ನು ಎಳನೀರಲ್ಲಿ ಅದ್ದಿ, ಕೂದಲಿನ ತುದಿಯನ್ನು ಮರಕ್ಕೆ ಅಂಟಿಸಿದ. ಶಿಲುಬೆಯ ಗುರುತು ಮಾಡಿಕೊಂಡ. ಅಮ್ಮ ಕಣ್ಣು ತೆರೆದೇ ಇದ್ದಳು, ನಾನೂ ಮುಚ್ಚಲಿಲ್ಲ.

ಟಕ್.

ಮರದ ಕೆಂಪು ಬಣ್ಣದಲ್ಲಿ ಒಂದು ಬಿಳಿ ಗೀರು, ಅದಕ್ಕೆ ಅಂಟಿದ ಚಿಟಿಕೆ ಬಿಳಿ ಕೂದಲು.

"ಇನ್ನೊಂದು ಪಕ್ಕ," ಅಂತ ಅಮ್ಮ ಮುಖ ತಿರುಗಿಸಿದಳು.

ಟಕ್.

ಅಮ್ಮ ಎದ್ದು ಮಂಡಿಯ ಮರಳು ಕೊಡವಿಕೊಂಡಳು. "ಕೊಂಪಾದ್ರೆ," ಅಂದಳು.

"ಹೇಳಿ ಕೊಮಾದ್ರೆ," ಅಂದ ಅವನು. ಸೋತವನ ದನಿಯೇನಲ್ಲ ಅದು.

"ಕತ್ತರಿಸಿದ ತಲೆ ಬಿಸಿಲೇರೋಕೆ ಮುಂಚೆ ಕಡಲಲ್ಲಿ ಮುಳುಗ್ಬೇಕು. ಮುಳುಗದಿದ್ರೆ ದೋಷ ಯಾರಿಗೆ?"

ಅವನು ಆಕಾಶ ನೋಡಿದ. "ಕತ್ತರಿಸಿದವನಿಗೆ."

ಅಷ್ಟರಲ್ಲಿ ಅವನ ಸೊಂಟದ ವೈರ್‌ಲೆಸ್ ಗೊರಗೊರ ಅಂದಿತು. ಮ್ಯಾನೇಜರ್. "ಫಿದೆನ್ಸಿಯೊ, ಗೇಟಲ್ಲಿ ಯಾರದು ಗಲಾಟೆ?"

"ಹೊರಗಿನೋರು ಯಾರೂ ಇಲ್ಲ ಸಾರ್. ನನ್ನ ಕೊಮಾದ್ರೆ ಬಂದಿದಾರೆ."

"ಕೊಮಾದ್ರೆನಾ? ವಾಪಸ್ ಕಳಿಸು. ಅದು ಹೋಟೆಲಿನ ದಾರಿ!"

"ಅವರು ಹೋಟೆಲಿಗೆ ಬರ್ತಿಲ್ಲ ಸಾರ್. ಕಡಲಿಗೆ ಹೋಗ್ತಿದಾರೆ." ವೈರ್‌ಲೆಸ್ ಆರಿಸಿ ಕ್ಯಾಪಿನ ಪಕ್ಕ ಇಟ್ಟ. ಹಗ್ಗ ಬಿಚ್ಚಿ ಸಡಿಲ ಬಿಟ್ಟ.

ಅಡ್ಡಮರ ಏಳತೊಡಗಿತು. ಅಮ್ಮ ಕುಳ್ಳಿ, ಅದು ಅರ್ಧ ಎದ್ದಾಗಲೇ ತಲೆ ತಾಗದೆ ದಾಟಬಹುದಿತ್ತು. ದಾಟಲಿಲ್ಲ. ಅದು ಪೂರ್ತಿ ನೆಟ್ಟಗೆ ನಿಲ್ಲುವ ತನಕ ಕಾದು, ಮದುವೆಮನೆಗೆ ಹೋಗುವವಳ ಗತ್ತಿನಲ್ಲಿ ನಡೆದಳು. ಹಿಂದೆ ನಾನು, ನನ್ನ ಹಿಂದೆ ಮಚ್ಚು ಹಿಡಿದ ಫಿದೆನ್ಸಿಯೊ.

ಆರಾಮಕುರ್ಚಿಗಳಲ್ಲಿ ಆಗಲೇ ಒಂದಿಬ್ಬರು ಬಿಳಿಯರು ಮಲಗಿದ್ದರು. ಟ್ರೇ ಹಿಡಿದ ಹುಡುಗಿಯೊಬ್ಬಳು ಇದ್ದಲ್ಲೇ ನಿಂತಳು. ಅಮ್ಮ ಅವರ ನಡುವೆಯೇ ಹಾದು, ಉಟ್ಟ ಬಟ್ಟೆಯಲ್ಲೇ ನೀರಿಗಿಳಿದಳು. ದೊಡ್ಡದೊಂದು ಅಲೆ ಅವಳನ್ನು ಪೂರ್ತಿ ಮುಚ್ಚಿತು. ಮೇಲೆ ಬಂದವಳು ತಲೆ ಕೊಡವಿ ಜೋರಾಗಿ ನಕ್ಕಳು. ಆ ನಗು ಕೇಳದೆ ಒಂದು ವರ್ಷವಾಗಿತ್ತು. ನಾನು ಅತ್ತೆ, ಅಳುತ್ತಲೇ ನೀರಿಗೆ ಬಿದ್ದೆ.

ಮ್ಯಾನೇಜರ್ ಬೂಟು ಹಾಕಿಕೊಂಡೇ ಮರಳಲ್ಲಿ ಓಡಿ ಬಂದ. ಅಮ್ಮನನ್ನು ನೋಡಿದ, ಫಿದೆನ್ಸಿಯೊನ ಕೈಯ ಮಚ್ಚನ್ನು ನೋಡಿದ, ನೀರಿನ ಅಂಚಲ್ಲೇ ನಿಂತ.

"ನಾಳೆಯಿಂದ ನೀನು ಕೆಲಸಕ್ಕೆ ಬರ್ಬೇಡ," ಅಂದ.

"ನಾಳೆ ಯಾಕೆ ಸಾರ್? ಇವತ್ತೇ ಆಗ್ಲಿ. ನನಗೂ ಹಬ್ಬ," ಅಂತ ಫಿದೆನ್ಸಿಯೊ ಹೋಟೆಲಿನ ಅಂಗಿ ಬಿಚ್ಚಿ, ಮಡಚಿ, ಆ ಬಾರ್ ಕೌಂಟರಿನ ಮೇಲಿಟ್ಟು ಬಂದ. ಕೆಲಸ ಹೋದದ್ದು ತಮಾಷೆಯಲ್ಲ ಎಂದು ನಮಗೆ ಮೂವರಿಗೂ ಗೊತ್ತಿತ್ತು. ಹಿಂದಿರುಗುವಾಗ ಅಮ್ಮ ಅವನನ್ನು ಜತೆಗೇ ಬಸ್ಸು ಹತ್ತಿಸಿದಳು. ಈಗ ಅವನು ನಮ್ಮ ಮೆಟ್ಟಿಲ ಬುಡದಲ್ಲಿ ಎಳನೀರು ಮಾರುತ್ತಾನೆ. ಎಳನೀರಿನ ಜತೆ ಈ ಕಥೆಯನ್ನೂ ಕೊಡುತ್ತಾನೆ, ಹಾಗಾಗಿ ಲಾಂಡ್ರಿಯ ಹೆಂಗಸರಿಗೆಲ್ಲ ಅದು ಬಾಯಿಪಾಠವಾಗಿದೆ.

ಈ ಜೂನ್‌ನಲ್ಲಿ ತೊಮಾಸಾ ಫೋನ್ ಮಾಡಿದಳು. ಹೋಟೆಲಿನವರು ಮರ ತೆಗೆದು ಕಬ್ಬಿಣದ ಗೇಟು ಹಾಕಿದ್ದಾರಂತೆ.

"ಕಬ್ಬಿಣದ ಮೇಲೆ ಮಚ್ಚು ಮೊಂಡಾಗುತ್ತೆ," ಅಂದಳು ಅಮ್ಮ. ಫಿದೆನ್ಸಿಯೊನನ್ನು ಕಳಿಸಿ ಒಂದು ದಿಮ್ಮಿ ತರಿಸಿದಳು.

ಬಸ್ಸಿನಲ್ಲಿ ಅದೇ ಕಂಡಕ್ಟರ್. ಹಿಂದಿನ ಸೀಟುಗಳ ತುಂಬಾ ಲಾಂಡ್ರಿಯ ಹೆಂಗಸರು. ಸೀಟುಗಳ ನಡುವಿನ ದಾರಿಯಲ್ಲಿ ಅಡ್ಡ ಮಲಗಿದ ದಿಮ್ಮಿಯನ್ನು ಅವನು ಕಾಲಲ್ಲಿ ಮುಟ್ಟಿ ನೋಡಿದ.

"ಇದಕ್ಕೂ ಟಿಕೆಟ್ ಆಗುತ್ತೆ ಅಜ್ಜಿ."

"ಯಾಕೆ, ಅದೇನು ಸೀಟಲ್ಲಿ ಕೂತಿದೆಯಾ?"

"ಈ ಸಲ ಬಿಡಲ್ಲ ಅಂತಾರೆ ಅಜ್ಜಿ. ಕಬ್ಬಿಣದ ಗೇಟಂತೆ. ಕಾವಲಿಗೆ ಇಬ್ಬರನ್ನ ಹಾಕಿದಾರಂತೆ."

ಅಮ್ಮ ಕಿಟಕಿ ಪೂರ್ತಿ ತೆರೆದು ಕೂತಿದ್ದಳು. ತಲೆಗೆ ಬಟ್ಟೆ ಇರಲಿಲ್ಲ. ಕಿವಿ ಮುಚ್ಚುವಷ್ಟು ಬೆಳೆದ ಬಿಳಿ ಗುಂಗುರು ಗಾಳಿಗೆ ಎದ್ದು ನಿಂತಿತ್ತು.

"ಒಳ್ಳೇದೇ ಆಯ್ತು ಬಿಡು," ಅಂದಳು. "ನಾವು ಇಷ್ಟು ತಲೆ ಇದೀವಿ. ಕೊಂಪಾದ್ರೆ ಆಗೋಕೆ ಕಾವಲಿನವನು ಒಬ್ಬನೇ ಆದ್ರೆ ಸಾಲ್ತಿರ್ಲಿಲ್ಲ."

ಕಂಡಕ್ಟರ್ ದಿಮ್ಮಿಗೆ ಟಿಕೆಟ್ ಹರಿಯಲಿಲ್ಲ.