ಒಂದು ಗುಡಿಸಿನ ಹಾಡು

ಮಾಣಿಕನ ಮನೆಯಲ್ಲಿ ಹಾಡು ಹಚ್ಚಿದರೆ ಯಾರಾದರೊಬ್ಬರು ಎದ್ದು ಹೋಗುವುದು ವಾಡಿಕೆಯಾಗಿತ್ತು. ಮಗಳು ಧಮ್ಮಶೀಲಾ ಗಿಟಾರು, ಡ್ರಮ್ಮುಗಳ ರಾಕ್ ಡಿಸ್ಕು ಹಾಕಿದರೆ ಮಾಣಿಕ ಚಪ್ಪಲಿ ಮೆಟ್ಟಿ ರಸ್ತೆಗಿಳಿಯುತ್ತಿದ್ದ. ಅವನು ತನ್ನ ಅಂಬೇಡ್ಕರರ ಭೀಮಗೀತೆಗಳನ್ನೋ ಹಳ್ಳಿಪದಗಳನ್ನೋ ಹಾಕಿದರೆ ಮಗಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮಾಳಿಗೆ ಹತ್ತುತ್ತಿದ್ದಳು. ಅವನ ತಾಯಿ ಮೈಸಮ್ಮ ಮಾತ್ರ ಯಾವುದಕ್ಕೂ ಏಳುತ್ತಿರಲಿಲ್ಲ. ಎದ್ದರೆ ಮತ್ತೆ ಕೂಡಬೇಕಲ್ಲ, ಮೊಣಕಾಲು ಯಾರು ಕೊಡತಾರ ಅನ್ನುತ್ತಿದ್ದಳು. ಮಾಣಿಕನ ಹೆಂಡತಿ ಸ್ವರೂಪಾ ಅಡಿಗೆಮನೆಯ ಬಾಗಿಲಲ್ಲಿ ನಿಂತು ಯಾರು ಎದ್ದರು, ಯಾರ ಮುಖ ಹೇಗಾಯಿತು ಎಂದು ನೋಡುತ್ತಿದ್ದಳು. ಅವಳ ಅರ್ಧ ಆಯುಷ್ಯ ಹೀಗೆ ನೋಡುವುದರಲ್ಲೇ ಹೋಗಿತ್ತು.

ಪ್ರತ್ಯೇಕ ತೆಲಂಗಾಣಕ್ಕಾಗಿ ಎಲ್ಲರೂ ಕೆಲಸ ನಿಲ್ಲಿಸಿದ ಆ ವರ್ಷ ಬೀದರಿನ ಗಡಿಯ ಜಹೀರಾಬಾದಿನಲ್ಲಿ ಬಸ್ಸು ಓಡಲಿಲ್ಲ, ಸ್ವರೂಪಾ ತೆಲುಗು ಕಲಿಸುವ ಶಾಲೆ ತೆರೆಯಲಿಲ್ಲ, ಶೀಲಾಳ ಕಾಲೇಜಿಗೂ ಬೀಗ. ಕರೆಂಟಿನ ತಾಪತ್ರಯದಿಂದ ಟ್ರ್ಯಾಕ್ಟರ್ ಫ್ಯಾಕ್ಟರಿಯಲ್ಲಿ ಮಾಣಿಕನ ಪಾಳಿಯೂ ಅರ್ಧಕ್ಕಿಳಿಯಿತು. ನಾಲ್ಕೂ ಜನ ದಿನವಿಡೀ ಎರಡೇ ಕೋಣೆಯಲ್ಲಿ. ರಸ್ತೆಗಿಳಿದರೂ ಮಾಳಿಗೆ ಹತ್ತಿದರೂ ಮತ್ತೆ ಅಲ್ಲಿಗೇ ಬರಬೇಕು.

ಊರಿನ ಎಲ್ಲ ಮನೆಗಳ ಪಾಡೂ ಇದೇ ಎಂದು ಕಂಡುಕೊಂಡವನು ಕ್ರಾಂತಿಕುಮಾರ. ಬಸ್‌ಸ್ಟ್ಯಾಂಡಿನ ಎದುರು ಅವನ ಮೊಬೈಲ್ ಅಂಗಡಿ. ಹಿಂದಿನ ಕೋಣೆಯ ಗೋಡೆಗೆ ಮೊಟ್ಟೆಯ ಟ್ರೇ ಬಡಿದು, ಒಂದು ಮೈಕು, ಒಂದು ಕಂಪ್ಯೂಟರು ಇಟ್ಟು ಅದಕ್ಕೆ ಸ್ಟುಡಿಯೋ ಅನ್ನುತ್ತಿದ್ದ. ಚಳವಳಿಯ ಹಾಡುಗಳದೊಂದು ಡಿಸ್ಕು ಮಾಡಬೇಕು, ಗಿಟಾರೂ ಇರಬೇಕು, ಹಲಗೆಯ ಬಡಿತವೂ ಇರಬೇಕು, ಅದನ್ನು ಹಚ್ಚಿದರೆ ಮಕ್ಕಳೂ ಏಳಬಾರದು, ತಂದೆತಾಯಿಯೂ ಏಳಬಾರದು ಎಂಬುದು ಅವನ ಹಟ. ಶೀಲಾ ಹಾಡುವವಳು, ಅವಳ ಕಾಲೇಜಿನ ಸಂಜೀವಕುಮಾರ ಗಿಟಾರು ಬಾರಿಸುವವನು.

ಶೀಲಾ ಹಾಡು ಹುಡುಕಲು ದೂರ ಹೋಗಲಿಲ್ಲ. ಅವಳ ಆಯಿ ಮೈಸಮ್ಮ ಹರೆಯದಲ್ಲಿ ತಾಂಡೂರಿನ ಗಣಿಯಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲು ಹೊತ್ತವಳು. ಸಂಜೆ ಜೋಳ ಬೀಸುವಾಗ ಅಲ್ಲಿಯ ಹೆಂಗಸರು ಹೇಳಿಕೊಳ್ಳುತ್ತಿದ್ದ ಒಂದು ಪದ ಅವಳ ಬಾಯಲ್ಲಿ ಉಳಿದಿತ್ತು:

ಪರಸಿ ಹೊತ್ತೀನಿ ಪರರ ಮನಿಗೆ,
ನೆರಳ ಬೇಡೀನಿ ನನ್ನ ಮಗನಿಗೆ,
ಎಂದಿಗಿ ಕಟ್ಟೇನ ತಂಗೀ, ಮನೀ... ಮನೀ...

ಶೀಲಾ ನುಡಿಗಳನ್ನು ತೆಲುಗಿಗೆ ತಿರುಗಿಸಿದಳು. ಕೊನೆಯ ‘ಮನೀ’ ಮಾತ್ರ ಹಾಗೇ ಬಿಟ್ಟಳು. ತೆಲುಗಿನಲ್ಲಿ ಮನೆಗೆ ‘ಇಲ್ಲು’ ಅನ್ನುತ್ತಾರೆ, ಅದನ್ನೇ ಇಡಲೇನು ಎಂದು ಕೇಳಿದಾಗ ಮೈಸಮ್ಮ ಬೊಚ್ಚುಬಾಯಿ ತೆರೆದು ನಕ್ಕಿದ್ದಳು.

“ಇಲ್ಲು ಅಂದ್ರ ಇಲ್ಲ ಅಂದಂಗ ಆತವಾ. ಇಲ್ಲದ ಮನಿ ನಾ ಭಾಳ ನೋಡೀನಿ. ಇರೋದು ಹಾಡು.”

ಆ ಮನೆ ಈಗ ಇತ್ತು. ಕಾಲೊನಿಯ ಅಂಚಿಗೆ ಎರಡು ಕೋಣೆ, ಮೇಲೆ ಮಾಳಿಗೆ. ನೆಲಕ್ಕೆ ತಾಂಡೂರಿನ ಪರಸಿಯೇ. ಅದನ್ನು ಹಾಸುವಾಗ ಮೈಸಮ್ಮ ಗೌಂಡಿಯ ಬೆನ್ನಿಗೇ ಕೂತು, ಪ್ರತಿ ಕಲ್ಲನ್ನೂ ಬೆರಳಿನಿಂದ ತಟ್ಟಿ ಸದ್ದು ಕೇಳಿದ್ದಳು. ಒಡಕು ಕಲ್ಲು ಬಂದರೆ, ನಿನ್ನ ಮಾವನ ಮನಿಗಿ ಹಾಕ್ಕೊ ಹೋಗಪಾ ಎಂದು ವಾಪಸು ಕಳಿಸಿದ್ದಳು.

ಹಾಡು ಕೇಳಿ ಎಲ್ಲರಿಗೂ ಸಂತೋಷವಾಯಿತು, ಸ್ವರೂಪಾಳ ಹೊರತು. ಅವಳು ಹುಟ್ಟಿದ್ದು ನಾರಾಯಣಖೇಡದ ಕಡೆ, ಮೊದಲು ಕಲಿತದ್ದು ಕನ್ನಡ ಅಕ್ಷರ. ಆದರೆ ಶಾಲೆಯ ಅಂಗಳದಲ್ಲಿ ಅವಳ ಬಾಯಿಂದ ಒಂದು ಕನ್ನಡ ಮಾತು ಜಾರಿದ್ದನ್ನು ಯಾರೂ ಕೇಳಿರಲಿಲ್ಲ. ಪ್ರತಿ ಶಬ್ದವನ್ನೂ ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಆರಿಸಿ ಆಡುತ್ತಿದ್ದಳು. ಶಾಲೆ ಮುಚ್ಚುವ ಮೊದಲಿನಿಂದಲೂ ಚಹಾದ ಅಂಗಡಿಯಲ್ಲಿ, ಸ್ಟಾಫ್ ರೂಮಿನಲ್ಲಿ ಎಲ್ಲಿ ಹೋದರೂ ಒಂದೇ ಪ್ರಶ್ನೆ: ನೀವು ಯಾವ ಕಡೆಯವರು? ಕೇಳುವವರು ಕೆಟ್ಟವರಲ್ಲ, ಕೆಲವರು ನಗುತ್ತಲೇ ಕೇಳುತ್ತಿದ್ದರು. ಆದರೂ ಆಂಧ್ರದ ಕರಾವಳಿಯಿಂದ ಬಂದಿದ್ದ ಗಣಿತದ ಮೇಡಂ ಒಂದು ದಿನ ರಜೆಯೆಂದು ಹೋದವಳು ತಿರುಗಿ ಬರಲಿಲ್ಲ. ತಾವು ಈ ನೆಲದವರೇ, ಅಜ್ಜ ಮುತ್ತಜ್ಜರಿಂದ ಇಲ್ಲಿಯವರೇ. ಅದನ್ನು ಯಾರಿಗೆ, ಯಾವ ಭಾಷೆಯಲ್ಲಿ, ಎಷ್ಟು ಸಲ ಹೇಳುವುದು? ಊರಿಗೆಲ್ಲ ಕೇಳಿಸುವ ಡಿಸ್ಕಿನಲ್ಲಿ ತನ್ನ ಮಗಳೇ ಕನ್ನಡದಲ್ಲಿ ಕೂಗಿ ಆ ಪ್ರಶ್ನೆಯನ್ನು ಮನೆಗೆ ಕರೆಯಬೇಕೇ?

ಮೂರನೆಯ ದಿನ ಸ್ವರೂಪಾ ರೊಟ್ಟಿ ಬಡಿಯುತ್ತ, ಬಹಳ ಸಣ್ಣ ಮಾತೆಂಬಂತೆ, ಮಗಳಿಗೆ ಹೇಳಿದಳು.

“ಶೀಲಾ, ‘ಮನೀ’ ಬ್ಯಾಡ. ‘ಮನಾ’ ಅನ್ನು. ಒಂದು ಗುಡಿಸು ತಗದರ ಆತು.”

ಶೀಲಾ ಹಿಟ್ಟಿನ ಮೇಲೆ ಬೆರಳಿನಿಂದ ಎರಡೂ ಬರೆದು ನೋಡಿದಳು. ತೆಲುಗಿನಲ್ಲಿ ‘ಮನ’ ಎಂದರೆ ‘ನಮ್ಮದು’. ಆ ವರ್ಷ ಗೋಡೆ ಗೋಡೆಯ ಮೇಲೆ ಇದ್ದ ಮಾತು. ಇದು ತನಗೆ ಹೇಗೆ ಹೊಳೆಯಲಿಲ್ಲ ಎಂದು ಹುಡುಗಿ ತಾಯಿಯ ಕೆನ್ನೆಗೆ ಹಿಟ್ಟು ಹಚ್ಚಿ ಅಂಗಡಿಗೆ ಓಡಿದಳು. ಸಂಜೀವಕುಮಾರ ಟೀಚರಮ್ಮನ ತಲೆಯೇ ತಲೆ ಎಂದನಂತೆ. ಸ್ವರೂಪಾಳಿಗೆ ನಿರಾಳವಾಯಿತು. ಮನೆ ಗುಡಿಸಿದಂತೆ ಗುಡಿಸನ್ನು ಗುಡಿಸಿ ಹಾಕಿದೆನಲ್ಲ ಎಂದು ತನ್ನಷ್ಟಕ್ಕೆ ನಕ್ಕಳು ಕೂಡ.

ಒಂದು ಮಧ್ಯಾಹ್ನ ಕರೆಂಟು ಬಂದ ಹೊತ್ತು ನೋಡಿ ಶೀಲಾ ಕೇಳಿ ನೋಡಲು ಮಾಡಿದ ಮೊದಲ ಡಿಸ್ಕು ತಂದು ಹಚ್ಚಿದಳು. ಯಾರೂ ಏಳಬಾರದು ಎಂದು ಮೊದಲೇ ತಾಕೀತು ಮಾಡಿದಳು. ಗಿಟಾರು ಶುರುವಾದಾಗ ಮಾಣಿಕನ ಕಾಲು ಚಪ್ಪಲಿಯ ಕಡೆ ಸರಿಯಿತು, ಹಲಗೆ ಕೂಡಿಕೊಂಡೊಡನೆ ಅಲ್ಲೇ ತಾಳ ಹಾಕತೊಡಗಿತು. ಶೀಲಾ ತಂದೆಯ ಕಾಲನ್ನೇ ನೋಡುತ್ತ ತುಟಿ ಕಚ್ಚಿ ಹಿಗ್ಗುತ್ತಿದ್ದಳು. ಪರಸಿ ಹೊತ್ತ ಮಾತು ತೆಲುಗಿನಲ್ಲಿ ಬಂತು. ಮೈಸಮ್ಮ ತಲೆಯಾಡಿಸಿದಳು. ಆಮೇಲೆ ಡಿಸ್ಕು ಗಂಟಲೆತ್ತಿ ಹಾಡಿತು: ಮನಾ... ಮನಾ...

ಮೈಸಮ್ಮ ನೆಲಕ್ಕೆ ಕೈಯೂರಿದಳು. ಎದ್ದಳು. ಗೋಡೆ ಹಿಡಿದುಕೊಂಡು ನಿಧಾನಕ್ಕೆ ಹೊಸ್ತಿಲು ದಾಟಿ ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತಳು.

ಶೀಲಾ ಹಾಡು ನಿಲ್ಲಿಸಿದಳು. ಆಯಿಗೆ ಸದ್ದು ಜಾಸ್ತಿಯಾಯಿತೇನೋ ಅಂದ ಮಾಣಿಕ. ಅಲ್ಲವೆಂದು ಸ್ವರೂಪಾಳಿಗೆ ಗೊತ್ತಿತ್ತು. ಅವಳು ಒಂದು ತಂಬಿಗೆ ನೀರು ತೆಗೆದುಕೊಂಡು ಹೊರಗೆ ಹೋದಳು. ಹುಡುಗಿಯ ತಪ್ಪಿಲ್ಲ, ಶಬ್ದ ಬದಲಿಸಲು ಹೇಳಿದ್ದು ತಾನೇ, ಕಾಲ ಸರಿಯಿಲ್ಲವೆಂದು ಹಾಗೆ ಹೇಳಿದೆ, ಅರ್ಥವೇನೂ ಕೆಡಲಿಲ್ಲವಲ್ಲ, ‘ನಮ್ಮದು’ ಎಂದರೂ ಒಳ್ಳೆಯ ಮಾತೇ ಅಲ್ಲವೇ ಎಂದೆಲ್ಲ ವಿವರಿಸಿದಳು. ಮೈಸಮ್ಮ ನೀರು ಕುಡಿದು ತಂಬಿಗೆ ಪಕ್ಕಕ್ಕಿಟ್ಟಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

“ಮನ ಅಂದ್ರ ಎಲ್ಲಾರದು ಹೌದಿಲ್ಲೋ? ಬಾವಿ ಎಲ್ಲಾರದು ಅಂತಿದ್ರು, ನಾ ದೂರ ನಿಂತು ನೀರ ಹೊಯ್ಸ್ಕೋತಿದ್ದೆ. ಗುಡಿ ಎಲ್ಲಾರದು ಅಂತಿದ್ರು. ಎಲ್ಲಾರದು ಅಂದಿದ್ದು ಯಾವುದೂ ನಂದು ಇರಲಿಲ್ಲ ಸ್ವರೂಪಾ. ನಾ ಕೇಳಿದ್ದು ಮನಿ. ಒಂದೇ ಒಂದು ಮನಿ.”

ಸ್ವರೂಪಾ ಖಾಲಿ ತಂಬಿಗೆ ಎತ್ತಿಕೊಂಡಳು. ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದಳಲ್ಲ, ಒಂದು ಗುಡಿಸು ಹೋದರೆ ಏನೇನು ಹೋಗುತ್ತದೆ ಎಂದು. ಮರುದಿನ ಕ್ರಾಂತಿಕುಮಾರ ಡಿಸ್ಕಿನ ಪ್ರತಿ ತೆಗೆಸಲು ಬೈಕಿನ ಮೇಲೆ ಹೈದರಾಬಾದಿಗೆ ಹೊರಡುವವನಿದ್ದ. ಹೋದರೆ ಊರ ತುಂಬ ‘ಮನಾ’ ಆಗುವುದು. ತಾನು ಬಾಯಿ ಮುಚ್ಚಿಕೊಂಡಿದ್ದರೆ ಯಾರೂ ಏನೂ ಕೇಳುವುದಿಲ್ಲ. ಅತ್ತೆಯೂ ಇನ್ನೊಮ್ಮೆ ಆ ಮಾತು ಎತ್ತುವವಳಲ್ಲ. ಅದೇ ಅವಳಿಗೆ ತಡೆಯದಾಯಿತು. ಮಗಳನ್ನು ಕರೆದುಕೊಂಡು ಅಂಗಡಿಗೆ ನಡೆದಳು.

ಅಂಗಡಿಯಲ್ಲಿ ಇನ್ವರ್ಟರ್ ಇದ್ದುದರಿಂದ ಮುಷ್ಕರದ ಟೆಂಟಿನ ಅರ್ಧ ಜನ ಫೋನು ಚಾರ್ಜಿಗೆ ಹಾಕಿ ಅಲ್ಲೇ ನಿಂತಿದ್ದರು. ಒಳಗೆ ಹೋಗಿ ಮೆಲ್ಲಗೆ ಹೇಳೋಣವೆಂದು ಬಂದವಳಿಗೆ ಒಳಗೆ ಹೋಗಲು ದಾರಿಯೇ ಇಲ್ಲ. ಹೇಳುವುದನ್ನು ಎಲ್ಲರೆದುರೇ ಹೇಳಬೇಕಾಯಿತು: ಆ ಶಬ್ದ ತಪ್ಪಾಗಿದೆ, ಅದು ‘ಮನ’ ಅಲ್ಲ, ‘ಮನಿ’, ಇನ್ನೊಮ್ಮೆ ಹಾಡಿಸಬೇಕು. ‘ಮನ’ವೇ ಚೆನ್ನಾಗಿತ್ತಲ್ಲ ಎಂದು ಕ್ರಾಂತಿಕುಮಾರ ತಲೆ ಕೆರೆದುಕೊಂಡ. ಚೆನ್ನಾಗಿತ್ತು, ಆದರೆ ಹಾಡು ನಮ್ಮತ್ತೆಯದು ಎಂದಳು.

ಚಾರ್ಜರಿನ ಬಳಿ ನಿಂತಿದ್ದ ಬಸ್ಸಿನ ಕಂಡಕ್ಟರೊಬ್ಬ ತಿರುಗಿ ನೋಡಿದ.

“ಮೀದೇ ಊರು, ಟೀಚರಮ್ಮಾ?”

ನಿಮ್ಮದು ಯಾವ ಊರು? ಇಷ್ಟು ವರ್ಷ ಕಾದುಕೊಂಡಿದ್ದ ಪ್ರಶ್ನೆ. ಇದಕ್ಕೆಂದೇ ಆರಿಸಿ ಇಟ್ಟುಕೊಂಡಿದ್ದ ಚೊಕ್ಕ ತೆಲುಗಿನ ಉತ್ತರವೊಂದಿತ್ತು. ಬಾಯಿ ತೆರೆದಾಗ ಅದು ಸಿಗಲಿಲ್ಲ.

“ಇದೇ ಊರ್ರಿ,” ಅಂದಳು ಕನ್ನಡದಲ್ಲೇ. “ನಮ್ಮ ಮನಿ ಇಲ್ಲೇ ಅದ.”

ಶೀಲಾ ತಾಯಿಯ ಸೆರಗು ಹಿಡಿದುಕೊಂಡಳು. ಕಂಡಕ್ಟರ್ ತಲೆಯಾಡಿಸಿದ. ತಾನು ಬೀದರಿನ ರೂಟಿನಲ್ಲಿ ಬಹಳ ದಿನ ಇದ್ದೆ, ಅಲ್ಲಿ ಊಟ ಆತೇನ್ರಿ ಎಂದು ಕೇಳದೆ ಯಾರೂ ಟಿಕೆಟ್ ತಗೊಳ್ಳುವುದಿಲ್ಲ ಎಂದು ತೆಲುಗಿನಲ್ಲೇ ಹೇಳಿ, ಫೋನು ತೆಗೆದು ನೋಡಿದ. ಅದು ಚಾರ್ಜೇ ಆಗಿರಲಿಲ್ಲ. ಪಿನ್ನು ಸಡಿಲವೆಂದು ಕ್ರಾಂತಿಕುಮಾರನನ್ನು ಬೈಯತೊಡಗಿದ. ಉಳಿದವರೂ ತಮ್ಮ ತಮ್ಮ ಪಿನ್ನು ಒತ್ತಿ ನೋಡಿಕೊಂಡರು. ಅಷ್ಟೇ ಆದದ್ದು. ಸ್ವರೂಪಾ ದಾರಿ ಮಾಡಿಸಿ ಮಗಳನ್ನು ಮೈಕಿನ ಕೋಣೆಗೆ ಕಳಿಸಿದಳು.

ಮರುದಿನ ಬೆಳಿಗ್ಗೆ, ಕ್ರಾಂತಿಕುಮಾರ ಹೊರಡುವ ಮೊದಲು, ಹೊಸ ಡಿಸ್ಕು ಮನೆಯಲ್ಲಿ ಹಾಡಿತು. ಮಾಣಿಕ ಗೋಡೆಗೊರಗಿ ಕೂತಿದ್ದ, ಶೀಲಾ ಆಯಿಯ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ‘ಮನೀ’ ಬಂದಾಗ ಮೈಸಮ್ಮ ಕದಲಲಿಲ್ಲ. ಗಿಟಾರಿನ ಹುಡುಗನಿಗೆ ಬೀಸುಕಲ್ಲಿನ ಗತ್ತು ಗೊತ್ತಿಲ್ಲ, ಓಡತಾನ, ಇಲ್ಲಿ ಕರಕೊಂಡು ಬಾ ಎಂದು ಮೊಮ್ಮಗಳಿಗೆ ಹೇಳಿ ಬೆರಳಿನಿಂದ ಪರಸಿ ತಟ್ಟತೊಡಗಿದಳು.

ಒಳಗೆ ಸುಂಯ್ ಎಂದು ಸದ್ದಾಯಿತು. ಸ್ವರೂಪಾ ಎದ್ದಳು.

“ಮಮ್ಮಿ, ಏಳಬ್ಯಾಡ ಅಂದಿದ್ದೆ,” ಅಂದಳು ಶೀಲಾ.

“ಹಾಲು ಉಕ್ಕಲಾಕ ಹತ್ಯಾದ.”

“ಉಕ್ಕಲಿ ಬಿಡು,” ಅಂದಳು ಮೈಸಮ್ಮ, ತಟ್ಟುವುದನ್ನು ನಿಲ್ಲಿಸದೆ. “ಹೊಸಾ ಮನ್ಯಾಗ ಉಕ್ಕಬೇಕು.”

ಸ್ವರೂಪಾ ಅಡಿಗೆಮನೆಯ ಕಡೆ ಒಮ್ಮೆ ನೋಡಿದಳು. ಆಮೇಲೆ ಕೂತಳು.